ರಾಜರ ಕಾರು, ತಾತನ ಕಾರು: ಹಳೇ ಗಾಡಿನ ಹೊಸದು ಮಾಡಿದ್ರೆ ಉಳಿಯೋದೇನು?

ಇದು ನಮ್ಮ ಪಾಡ್‌ಕಾಸ್ಟ್‌ನ ಈ ವಾರದ ಕಂತಿನ ಬರಹ ರೂಪ. ಕೇಳೋಕೆ ಪುರುಸೊತ್ತು ಇಲ್ಲದವರು ಓದಿಕೊಳ್ಳಬಹುದು.

ಈ ವಾರ ಬೇರೆ ಏನೋ ಮಾತಾಡಬೇಕು ಅಂದ್ಕೊಂಡಿದ್ದೆ. ಗುರುವಾರ ರಾತ್ರಿ ಒಂದು ವಾಯ್ಸ್ ನೋಟ್ ಬಂತು. ಗುಬ್ಬಿ ತಾಲ್ಲೂಕಿನ ಒಬ್ಬ ಹುಡುಗಿ, ತುಮಕೂರಲ್ಲಿ ಡಿಗ್ರಿ ಓದ್ತಿದ್ದಾಳೆ. ಅವಳು ಹೇಳಿದ್ದು ಇಷ್ಟು:

"ಅಕ್ಕ, ನಮ್ಮ ತಾತಂದು ಒಂದು ಷೆವ್ರೊಲೆ ಕಾರು ತೋಟದ ಶೆಡ್ಡಲ್ಲಿ ನಿಂತಿದೆ. ನಾನು ಹುಟ್ಟೋಕೆ ಮುಂಚಿಂದನೂ ಓಡಿಲ್ಲ. ಸೋಮವಾರ ಗುಜರಿಯವ್ರು ಬರ್ತಾರೆ, ದೊಡ್ಡಪ್ಪ ಕೊಟ್ಬಿಡೋಣ ಅಂತಿದಾರೆ. ತುಮಕೂರಿನ ಶೆಡ್ಡಿನವ್ರೊಬ್ರು, ನಮಗೆ ಬಿಡಿ, ಹೊಸದರ ಥರ ಮಾಡ್ಕೊಡ್ತೀವಿ ಅಂತಿದಾರೆ. ನಂಗೆ ಎರಡೂ ಸರಿ ಅನ್ನಿಸ್ತಿಲ್ಲ. ಏನ್ ಮಾಡ್ಲಿ?"

ಜೊತೆಗೆ ಒಂದು ಫೋಟೊ. ಮುಂದಿನಿಂದ ನೋಡಿದ್ರೆ 1940ರ ದಶಕದ ದುಂಡುಮೂತಿಯ ಕಾರು. ಹಿಂದಿನಿಂದ ನೋಡಿದ್ರೆ ಲಾರಿ! ಡ್ರೈವರ್ ಸೀಟಿನ ಹಿಂದಕ್ಕೆ ಕಾರನ್ನ ಕತ್ತರಿಸಿ, ಮರದ ತೊಟ್ಟಿ ಕೂರಿಸಿದ್ದಾರೆ. ತಾತ ಅದರಲ್ಲಿ ಕೊಬ್ಬರಿ ಚೀಲ ತುಂಬ್ಕೊಂಡು ತಿಪಟೂರು ಮಾರ್ಕೆಟ್ಟಿಗೆ ಹೋಗ್ತಿದ್ರಂತೆ.

ಅವಳಿಗೆ ಉತ್ತರ ಹುಡುಕ್ತಾ ಹೋದವಳು ಕಲ್ಕತ್ತಾ, ರಾಜಕೋಟ್, ಹೈದರಾಬಾದ್ ಸುತ್ತಿಕೊಂಡು ಕೊನೆಗೆ ಕುಣಿಗಲ್‌ಗೆ ಬಂದು ನಿಂತೆ. ಬನ್ನಿ, ಒಂದೊಂದಾಗಿ ಹೇಳ್ತೀನಿ.

ಕಾರು ಕೊಂಡ್ರೆ ಬಾಡಿ ಬರ್ತಿರಲಿಲ್ಲ

ತುಮಕೂರು ಹೈವೇಯಲ್ಲಿ ಓಡಾಡೋರು ಒಂದು ವಿಚಿತ್ರ ಗಾಡಿ ನೋಡಿರ್ತೀರಿ. ಕ್ಯಾಬಿನ್ ಇಲ್ಲ, ಬಾಗಿಲಿಲ್ಲ, ಮೇಲೆ ಏನೂ ಇಲ್ಲ. ಎಂಜಿನ್, ಚಕ್ರ, ಉದ್ದಕ್ಕೆ ಎರಡು ಕಬ್ಬಿಣದ ತೊಲೆ. ಡ್ರೈವರ್ ತಲೆಗೆ ಟವೆಲ್ ಸುತ್ಕೊಂಡು ಗಾಳಿಗೆ ಮೈಯೊಡ್ಡಿ ಓಡಿಸ್ತಿರ್ತಾರೆ. ಅದು ಬರೀ ಚಾಸಿ. ಫ್ಯಾಕ್ಟರಿಯಿಂದ ಹೊರಟು ಬಾಡಿ ಬಿಲ್ಡಿಂಗ್ ಶೆಡ್ಡಿಗೆ ಹೋಗ್ತಿರುತ್ತೆ. ಅಲ್ಲಿ ಮೇಸ್ತ್ರಿಗಳು ಮಾಲೀಕ ಕೇಳಿದ ಹಾಗೆ ಲಾರಿನೋ ಬಸ್ಸೋ ಕಟ್ಟಿ ಕೊಡ್ತಾರೆ.

ನೂರು ವರ್ಷದ ಹಿಂದೆ ಪ್ರಪಂಚದ ಅತಿ ದುಬಾರಿ ಕಾರುಗಳು ಹೀಗೇ ತಯಾರಾಗ್ತಿದ್ವು. ರೋಲ್ಸ್ ರಾಯ್ಸ್ ಕಂಪನಿ ಎರಡನೇ ಮಹಾಯುದ್ಧದ ತನಕ ಮಾರ್ತಿದ್ದದ್ದು ಚಾಸಿ, ಎಂಜಿನ್, ರೇಡಿಯೇಟರ್ ಮಾತ್ರ. ಕಂಪನಿಯೇ ಬಾಡಿ ಸಮೇತ ಕೊಟ್ಟ ಮೊದಲ ರೋಲ್ಸ್ ರಾಯ್ಸ್ ಅಂದ್ರೆ 1949ರ ಸಿಲ್ವರ್ ಡಾನ್. ಅಲ್ಲಿವರೆಗೂ ಕೊಂಡವರು ಚಾಸಿಯನ್ನ ಕೋಚ್‌ಬಿಲ್ಡರ್‌ಗಳ ಹತ್ರ ಕಳಿಸಬೇಕಿತ್ತು. ಬಾರ್ಕರ್, ಹೂಪರ್, ಥ್ರಪ್ ಅಂಡ್ ಮೇಬರ್ಲಿ, ಪಾರ್ಕ್ ವಾರ್ಡ್, ಇವೆಲ್ಲ ಲಂಡನ್‌ನ ಹೆಸರಾಂತ ಬಾಡಿ ಕಟ್ಟೋ ಮನೆಗಳು. ಮರದ ಚೌಕಟ್ಟು ಮಾಡಿ, ಅದರ ಮೇಲೆ ಅಲ್ಯೂಮಿನಿಯಂ ತಗಡನ್ನ ಕೈಯಲ್ಲೇ ಬಡಿದು ಬಾಗಿಸಿ ಹೊದಿಸ್ತಿದ್ರು. ಹಾಗಾಗಿ ಒಂದು ಕಾರಿನ ಬಾಗಿಲು ತೆಗೆದು ಇನ್ನೊಂದಕ್ಕೆ ಹಾಕಿದ್ರೆ ಸರಿಯಾಗಿ ಕೂರುತ್ತೆ ಅನ್ನೋ ಗ್ಯಾರಂಟಿ ಇರಲಿಲ್ಲ.

ಕೋಚ್ ಅಂದ್ರೆ ಸಾರೋಟು. ಬಾರ್ಕರ್ ಕಂಪನಿ ಶುರುವಾಗಿದ್ದು 1710ರಲ್ಲಿ, ಕಾರು ಹುಟ್ಟೋಕೆ ಸುಮಾರು 175 ವರ್ಷ ಮುಂಚೆ, ಕುದುರೆ ಸಾರೋಟು ಕಟ್ಟೋಕೆ. ನಮ್ಮ ದಕ್ಷಿಣದಲ್ಲೂ ಇದೇ ಕಥೆ. ಮದ್ರಾಸಿನ ಸಿಂಪ್ಸನ್ ಕಂಪನಿ 1840ರಲ್ಲಿ ಕುದುರೆ ಗಾಡಿ ಕಟ್ಟೋಕೆ ಶುರು ಮಾಡಿ, ಆಮೇಲೆ ಮೋಟಾರು ಗಾಡಿ ಬಾಡಿಗಳಿಗೂ ಕೈ ಹಾಕ್ತು. ಕುದುರೆ ಜಾಗಕ್ಕೆ ಎಂಜಿನ್ ಬಂತು, ಬಾಡಿ ಕಟ್ಟೋ ಕೈಗಳು ಅವೇ ಇದ್ವು. ಈ ಮಾತನ್ನ ನೆನಪಿಟ್ಕೊಳ್ಳಿ, ಕುಣಿಗಲ್‌ನಲ್ಲಿ ಬೇಕಾಗುತ್ತೆ.

ಈ ಕೋಚ್‌ಬಿಲ್ಡರ್‌ಗಳ ದೊಡ್ಡ ಗಿರಾಕಿಗಳಲ್ಲಿ ನಮ್ಮ ರಾಜರೂ ಇದ್ರು. ಮೈಸೂರು ಅರಸರು ಕಾರು ಕೊಂಡ್ರೆ ಒಂದೇ ಸಲಕ್ಕೆ ಏಳು ಕೊಳ್ತಿದ್ರು, ಅದಕ್ಕೇ ರೋಲ್ಸ್ ರಾಯ್ಸ್‌ನವರು ಸಗಟು ಖರೀದಿಗೆ 'ಮೈಸೂರು ಮಾಡೋದು' ಅಂತಿದ್ರು ಅನ್ನೋ ಕಥೆ ಕಾರುಪ್ರಿಯರ ನಡುವೆ ಇವತ್ತಿಗೂ ಓಡಾಡುತ್ತೆ.

ಹಂಸ ಹಾರಿಹೋಯ್ತು

ಮೊದಲ ಕಾರು 1910ರದ್ದು. ಕಲ್ಕತ್ತಾದಲ್ಲಿ ರಾಬರ್ಟ್ ನಿಕೋಲ್ ಮ್ಯಾಥ್ಯೂಸನ್ ಅನ್ನೋ ಶ್ರೀಮಂತ ಇದ್ದ. ಇಂಗ್ಲೆಂಡಿನ ಬ್ರೂಕ್ ಕಂಪನಿಗೆ ಹೇಳಿ ಹಂಸದ ಆಕಾರದ ಕಾರು ಮಾಡಿಸಿಕೊಂಡ. ಮುಂದೆ ಉದ್ದ ಕತ್ತು, ಕೊಕ್ಕು. ಆ ಕೊಕ್ಕಿಗೆ ಎಂಜಿನ್ನಿನ ಕೂಲಿಂಗ್ ವ್ಯವಸ್ಥೆಯಿಂದ ಕೊಳವೆ. ಜನ ಅಡ್ಡ ಬಂದ್ರೆ ಕೊಕ್ಕು ಬಾಯಿ ಬಿಟ್ಟು ಬಿಸಿ ಹಬೆ ಉಗುಳ್ತಿತ್ತು! ರಾತ್ರಿ ಕಣ್ಣು ಹೊಳೀತಿತ್ತು. ಚಕ್ರಕ್ಕೆ ಅಂಟಿದ ಆನೆ ಲದ್ದಿ ಉಜ್ಜೋಕೆ ಬ್ರಷ್ ಬೇರೆ. ಮೊದಲ ದಿನ ರಸ್ತೆಗಿಳಿದಾಗ ಜನ ದಿಕ್ಕಾಪಾಲಾಗಿ ಓಡಿದ್ರು, ಪೊಲೀಸರು ಬರಬೇಕಾಯ್ತು.

ಆಮೇಲೆ ಅದು ಪಂಜಾಬಿನ ನಾಭಾ ಮಹಾರಾಜರ ಮನೆ ಸೇರ್ತು. ಅವರು ಅದಕ್ಕೆ ಜೋಡಿಯಾಗಿ ಒಂದು ಪುಟ್ಟ ಮರಿಹಂಸದ ಕಾರನ್ನೂ ಮಾಡಿಸಿದ್ರು. ಹಂಸ ಆ ಮನೆತನದಲ್ಲೇ 70 ವರ್ಷಕ್ಕೂ ಹೆಚ್ಚು ಇತ್ತು. 1991ರಲ್ಲಿ ನೆದರ್‌ಲೆಂಡ್ಸ್‌ನ ಲೌಮನ್ ಮ್ಯೂಸಿಯಂ ಕೊಂಡುಕೊಳ್ತು, ರಿಪೇರಿ ಮಾಡಿಸ್ತು. ಈಗ ಹೇಗ್ ನಗರದಲ್ಲಿ ಹೊಳೀತಾ ನಿಂತಿದೆ. ಕಾರು ಉಳೀತು ಅನ್ನೋದು ನಿಜ. ಆದ್ರೆ ಯಾವ ಊರಿನ ರಸ್ತೆಗಾಗಿ ಹಬೆ ಉಗುಳ್ತಿತ್ತೋ ಆ ಊರಿನ ಮಕ್ಕಳು ಅದನ್ನ ನೋಡಬೇಕಂದ್ರೆ ಪಾಸ್‌ಪೋರ್ಟ್ ಬೇಕು.

ಮೊಮ್ಮಗ ವಾಪಸ್ ತಂದ ಕಾರು

ಎರಡನೇದು 1934ರ ರೋಲ್ಸ್ ರಾಯ್ಸ್ ಫ್ಯಾಂಟಮ್ 2 ಕಾಂಟಿನೆಂಟಲ್. ಗುಜರಾತಿನ ರಾಜಕೋಟ್ ಸಂಸ್ಥಾನದ ಠಾಕೂರ್ ಸಾಹೇಬ್ ಧರ್ಮೇಂದ್ರಸಿಂಹಜಿ ಮಾಡಿಸಿದ್ದು. ಬಾಡಿ ಥ್ರಪ್ ಅಂಡ್ ಮೇಬರ್ಲಿಯವರದ್ದು, ಕೇಸರಿ ಬಣ್ಣ. ಸ್ಟೀರಿಂಗ್ ತಿರುಗಿಸಿದ ಕಡೆಗೇ ತಿರುಗೋ ಹೆಡ್‌ಲೈಟು. ಹೆಸರು 'ಸ್ಟಾರ್ ಆಫ್ ಇಂಡಿಯಾ'.

ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನಗಳು ಹೋದ್ವು, 1971ರಲ್ಲಿ ರಾಜಧನವೂ ನಿಂತುಹೋಯ್ತು. ಅಷ್ಟು ದೊಡ್ಡ ಕಾರುಗಳಿಗೆ ಪೆಟ್ರೋಲ್ ಹಾಕೋರು ಯಾರು? ಎಷ್ಟೋ ಅರಮನೆಗಳ ಗ್ಯಾರೇಜು ಖಾಲಿಯಾದದ್ದು ಆ ಎರಡು ಮೂರು ದಶಕಗಳಲ್ಲೇ. ಕೆಲವು ಹಡಗು ಹತ್ತಿದ್ವು, ಕೆಲವು ಸಿನಿಮಾ ಕಂಪನಿಗೆ ಹೋದ್ವು, ಕೆಲವು ಗುಜರಿಗೆ. ಸ್ಟಾರ್ ಆಫ್ ಇಂಡಿಯಾ 1960ರ ದಶಕದಲ್ಲಿ ಇಂಗ್ಲೆಂಡಿಗೆ ಹೋಯ್ತು, ಯುರೋಪಿನಲ್ಲಿ ಕೈಯಿಂದ ಕೈಗೆ ದಾಟ್ತು. 2010ರಲ್ಲಿ ಅದೇ ಮನೆತನದ ಮೊಮ್ಮಗ ಮಾಂಧಾತಸಿಂಹಜಿ ಜಡೇಜಾ ಅದನ್ನ ಮತ್ತೆ ಕೊಂಡುಕೊಂಡ್ರು. ತಾತನ ಕಾರನ್ನೇ ಪರದೇಶದಿಂದ ದುಡ್ಡು ಕೊಟ್ಟು ಬಿಡಿಸಿಕೊಂಡು ಬರೋದು ಅಂದ್ರೆ ಸುಮ್ನೆ ಅಲ್ಲ.

ಅದು ಸಾಧ್ಯವಾಗಿದ್ದು ಆ ಕಾರು ಯಾವುದು ಅಂತ ಗುರುತು ಹಿಡಿಯೋಕೆ ಆಗ್ತಿದ್ದರಿಂದ. ಇಲ್ಲೇ ನಮ್ಮ ಹುಡುಗಿಗೆ ಬೇಕಾದ ಮೊದಲ ಪಾಠ ಇದೆ. ಹಳೇ ಕಾರಿನ ಗುರುತು ಅದರ ಬಣ್ಣದಲ್ಲೋ ಹೊಳಪಿನಲ್ಲೋ ಇರಲ್ಲ, ಚಾಸಿ ನಂಬರಲ್ಲಿ ಇರುತ್ತೆ. ರೋಲ್ಸ್ ರಾಯ್ಸ್‌ನ ಪ್ರತಿ ಚಾಸಿಗೂ ಯಾರು ಕೊಂಡ್ರು, ಯಾವ ಬಾಡಿ, ಎಲ್ಲಿಗೆ ರವಾನೆ ಅಂತ ಬರೆದ ಕಾರ್ಡುಗಳು ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಎಂಥೂಸಿಯಾಸ್ಟ್ಸ್ ಕ್ಲಬ್ಬಿನಲ್ಲಿ ಇವತ್ತಿಗೂ ಇವೆ. ಬಾಡಿ ಬದಲಾಗಬಹುದು. ಮೇಲೆ ಮುಚ್ಚಿದ ಉದ್ದನೆ ಕಾರಿನ ಬಾಡಿ ಕಿತ್ತು, ತೆರೆದ ಕಾರಿಗೆ ಬೆಲೆ ಜಾಸ್ತಿ ಅಂತ ಹೊಸದಾಗಿ ತೆರೆದ ಬಾಡಿ ಕಟ್ಟಿಸಿದ ಉದಾಹರಣೆಗಳು ಬೇಕಾದಷ್ಟಿವೆ. ನೋಡೋಕೆ ಚೆನ್ನ. ಆದ್ರೆ ಮೊದಲ ಮೇಸ್ತ್ರಿಯ ಕೆಲಸ ಕಸದ ಬುಟ್ಟಿಗೆ.

ನಾಲ್ಕು ದಿನದ ಓಡಾಟ

ಮೂರನೇದು ಹೈದರಾಬಾದಿನ ನಿಜಾಮರದ್ದು. ನಮ್ಮ ಕಲಬುರಗಿ, ಬೀದರ್, ರಾಯಚೂರು ಕಡೆಯವರ ತಾತ ಮುತ್ತಾತಂದಿರು ಇದೇ ನಿಜಾಮರ ಪ್ರಜೆಗಳು. ಆರನೇ ನಿಜಾಮ 1911ರಲ್ಲಿ ಬಾರ್ಕರ್ ಬಾಡಿಯ ಹಳದಿ ಸಿಲ್ವರ್ ಘೋಸ್ಟ್‌ಗೆ ಆರ್ಡರ್ ಕೊಟ್ರು. ಅದೇ ವರ್ಷ ತೀರಿಕೊಂಡ್ರು. ಕಾರು ಬಂದದ್ದು ಮಗನ ಕಾಲಕ್ಕೆ. ಒಳಗೆ ಸಿಂಹಾಸನದಂಥ ಆಸನ. ಮೂರು ದಶಕಕ್ಕೂ ಹೆಚ್ಚು ಕಾಲದಲ್ಲಿ ಅದು ಓಡಿದ್ದು 356 ಮೈಲಿ ಮಾತ್ರ, ಅಂದ್ರೆ ಸುಮಾರು 573 ಕಿ.ಮೀ.

ತುಮಕೂರಿಂದ ಬೆಂಗಳೂರಿಗೆ ದಿನಾ ಟ್ರೈನಲ್ಲಿ ಹೋಗಿ ಬರೋರು ಲೆಕ್ಕ ಹಾಕಿ. ಒಂದು ಕಡೆಗೆ 70 ಕಿ.ಮೀ. ನೀವು ನಾಲ್ಕು ದಿನದಲ್ಲಿ ಮಾಡೋ ಓಡಾಟವನ್ನ ಆ ಕಾರು ಇಡೀ ಆಯಸ್ಸಲ್ಲಿ ಮಾಡ್ತು! ಈಗ ಚೌಮಹಲ್ಲಾ ಅರಮನೆಯಲ್ಲಿ ರಿಪೇರಿಯಾಗಿ ನಿಂತಿದೆ. ಇದನ್ನ ಯಾಕೆ ಹೇಳ್ದೆ ಅಂದ್ರೆ, ಓಡಿದ್ರೇ ಕಾರು, ಇಲ್ಲಾಂದ್ರೆ ಗುಜರಿ ಅನ್ನೋದು ನಮ್ಮ ತಲೇಲಿ ಕೂತುಬಿಟ್ಟಿದೆ. ಓಡದೇನೇ ಕಥೆ ಹೇಳೋ ಕಾರುಗಳೂ ಇವೆ.

ಶೆಡ್ಡಿನವರ ಲೆಕ್ಕ, ಕಾನೂನಿನ ಲೆಕ್ಕ

ತುಮಕೂರಿನ ಶೆಡ್ಡಿನವರು ಅವಳಿಗೆ ಕೊಟ್ಟ ಪ್ಲಾನ್ ಹೀಗಿತ್ತು: ಹಿಂದಿನ ಮರದ ತೊಟ್ಟಿ ಕಿತ್ತು ಬಿಸಾಕೋದು, ತಗಡಲ್ಲಿ ಕಾರಿನ ಹಿಂಭಾಗ ಕಟ್ಟೋದು, ಡೀಸೆಲ್ ಎಂಜಿನ್, ಪವರ್ ಸ್ಟೀರಿಂಗ್, ಎ.ಸಿ., ಮೇಲೆ ಮುತ್ತಿನ ಬಿಳಿ ಬಣ್ಣ. ಆಮೇಲೆ ಪ್ರೀ ವೆಡ್ಡಿಂಗ್ ಶೂಟ್‌ಗೆ ಬಾಡಿಗೆ. ಕೇಳೋಕೆ ಚೆನ್ನಾಗಿದೆ ಅಲ್ವಾ?

ಈಗ ಕಾನೂನು ಏನು ಹೇಳುತ್ತೆ ನೋಡೋಣ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಪ್ರತ್ಯೇಕ ನಿಯಮ ತಂತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ಬದಲಾಯಿಸೋ ಥರದ ದೊಡ್ಡ ಕೆಲಸ ಆಗಿರಬಾರದು. ಹೊಸದಾಗಿ ನೋಂದಣಿ ಮಾಡಿಸಿದ್ರೆ ನಂಬರಲ್ಲಿ 'ವಿಎ' ಅಕ್ಷರ ಬರುತ್ತೆ, ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ ಸಿಂಧು. ಆಮೇಲೆ ಮತ್ತೆ ಮಾಡಿಸೋಕೆ 5,000. ಈಗಾಗಲೇ ನೋಂದಣಿ ಇರೋರು ಹಳೇ ನಂಬರನ್ನೇ ಇಟ್ಕೋಬಹುದು. ಈ ಗಾಡಿಗಳನ್ನ ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಪೆಟ್ರೋಲ್, ರಿಪೇರಿ ಇಂಥದ್ದಕ್ಕೆ ರಸ್ತೆಗಿಳಿಸಬಹುದು. ದಿನದ ಓಡಾಟಕ್ಕಿಲ್ಲ, ಬಾಡಿಗೆಗಂತೂ ಇಲ್ಲವೇ ಇಲ್ಲ.

ಅಂದ್ರೆ ಶೆಡ್ಡಿನವರ ಪ್ಲಾನಿನಲ್ಲಿ ಎಂಜಿನ್ ಬದಲಾದ ಕೂಡ್ಲೇ ವಿಂಟೇಜ್ ಅನ್ನೋ ಮಾತು ಮುಗೀತು. ಬಾಡಿಗೆಗೆ ಬಿಟ್ರೆ ಮತ್ತೊಂದು ತಪ್ಪು. ಇನ್ನು ನಮ್ಮ ತಾತನ ಗಾಡಿನೂ ಈ ನಿಯಮದೊಳಗೆ ಸುಲಭಕ್ಕೆ ಕೂರಲ್ಲ. ಯಾಕಂದ್ರೆ ಅದು ಆಗಲೇ ಅರ್ಧ ಕಾರು, ಅರ್ಧ ಸರಕು ಗಾಡಿ. ಈ ಮಾತನ್ನ ಅವಳಿಗೆ ನೇರವಾಗೇ ಹೇಳ್ದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಬರಲಿಲ್ಲ.

ಯಾವ ದಿನಕ್ಕೆ ವಾಪಸ್?

ರಿಸ್ಟೊರೇಶನ್ ಅಂದ್ರೆ ಹಳೇದನ್ನ ಮೊದಲಿದ್ದ ಹಾಗೆ ಮಾಡೋದು ಅಂತೀವಿ. ಮೊದಲು ಅಂದ್ರೆ ಯಾವತ್ತು? ಷೋರೂಮಿಂದ ಹೊರಟ ದಿನವಾ? ತಾತ ಕೊಂಡ ದಿನವಾ? ಕೊಬ್ಬರಿ ಚೀಲ ಹೊತ್ತ ದಿನವಾ? ಒಂದು ದಿನ ಆರಿಸ್ಕೊಂಡ್ರೆ ಬಾಕಿ ದಿನಗಳನ್ನ ಅಳಿಸಿದ ಹಾಗೇ.

ಈ ಪ್ರಶ್ನೆ ಪ್ರಪಂಚದ ದೊಡ್ಡ ಸಂಗ್ರಹಕಾರರಿಗೂ ಇದೆ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಒಪ್ಪಿಕೊಂಡ ಟ್ಯುರಿನ್ ಸನ್ನದು ಅಂತ ಒಂದಿದೆ. ಅದರ ಸಾರ ಸರಳ: ಮೊದಲು ಇದ್ದದ್ದನ್ನ ಇದ್ದ ಹಾಗೆ ಕಾಪಾಡಿ. ತೀರಾ ಬೇಕಾದ್ರೆ ಮಾತ್ರ ಬದಲಾಯಿಸಿ. ಬದಲಾಯಿಸಿದ್ದು ಯಾವುದು ಅಂತ ಮುಂದಿನವರಿಗೆ ಗೊತ್ತಾಗೋ ಹಾಗೆ ಗುರುತು ಹಾಕಿ, ಎಲ್ಲಾ ಬರೆದಿಡಿ. ಕಾರು ಬಳಕೆಯಲ್ಲಿದ್ದಾಗ ಆದ ಬದಲಾವಣೆಗಳೂ ಅದರ ಚರಿತ್ರೆಯ ಭಾಗ.

ಭಾನುವಾರ ಗುಬ್ಬಿಗೆ ಹೋದೆ. ತೋಟದ ಶೆಡ್ಡು, ತೆಂಗಿನ ಸೋಗೆ ವಾಸನೆ, ಬಾನೆಟ್ಟಿನ ಮೇಲೆ ಕೋಳಿ. ಅವಳು ಚಾಸಿ ಪ್ಲೇಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೇಲಿ ಉಜ್ಜಿದಳು. ಉಪ್ಪುಕಾಗದ ಬೇಡ ಅಂತ ಮೊದಲೇ ಹೇಳಿದ್ದೆ, ಅಕ್ಷರಗಳೇ ಸವೆದು ಹೋಗ್ತವೆ. ಅರ್ಧ ಗಂಟೆಗೆ ನಂಬರ್ ಕಾಣಿಸ್ತು. ಬೀರುವಿನಿಂದ ಹಳೇ ಆರ್‌ಸಿ ಪುಸ್ತಕ ಬಂತು, 'ಎಂವೈ' ಅಂತ ಶುರುವಾಗೋ ನಂಬರು. ಆಗಿನ್ನೂ ನಮ್ಮ ರಾಜ್ಯದ ಹೆಸರು ಮೈಸೂರು. ಎರಡೂ ಕಡೆಯ ಚಾಸಿ ನಂಬರ್ ಒಂದೇ. ಅಲ್ಲಿಗೆ ಗಾಡಿ ಯಾವುದು ಅನ್ನೋದು ಖಾತ್ರಿಯಾಯ್ತು.

ಗಾಡಿ ಯಾರದು? ಪುಸ್ತಕದಲ್ಲಿ ಇನ್ನೂ ತಾತನ ಹೆಸರೇ. ಮಾಲೀಕರು ತೀರಿಕೊಂಡ್ರೆ ವಾರಸುದಾರರು ಫಾರಂ 31 ತುಂಬಿ ಮೂರು ತಿಂಗಳೊಳಗೆ ಹೆಸರು ಬದಲಾಯಿಸಿಕೊಳ್ಳಬೇಕು. ಇವರ ಮನೇಲಿ ಯಾರೂ ಮಾಡಿಲ್ಲ. ದೊಡ್ಡಪ್ಪ ಒಬ್ಬರೇ ಮಾರೋ ಹಾಗೂ ಇಲ್ಲ, ಚಿಕ್ಕಪ್ಪ, ಅತ್ತೆಯಂದಿರು ಎಲ್ಲಾ ಒಪ್ಪಬೇಕು. ದೊಡ್ಡಪ್ಪನಿಗೆ ಇದು ಹಿಡಿಸಲಿಲ್ಲ. "ತುಕ್ಕು ಹಿಡಿದ ಕಬ್ಬಿಣಕ್ಕೆ ಇಷ್ಟೊಂದು ಪಂಚಾಯ್ತಿ ಯಾಕಮ್ಮ?" ಅಂದ್ರು. ಅವರ ಮಾತಲ್ಲೂ ನ್ಯಾಯ ಇದೆ. ಮಳೆಗಾಲಕ್ಕೆ ಶೆಡ್ಡಿನ ಶೀಟು ಸರಿ ಮಾಡಿಸೋ ಖರ್ಚು ಅವರದ್ದೇ.

ಆಗ ಜಗಲಿ ಮೇಲೆ ಕೂತಿದ್ದ ಅಜ್ಜಿ ಬಾಯಿ ಬಿಟ್ರು. "ಆ ತೊಟ್ಟಿ ಕಟ್ಟಿದ್ದು ನಮ್ಮೂರಿನ ಆಚಾರ್ರು ಕಣಮ್ಮ. ಜಟಕಾ ಗಾಡಿ ಮಾಡೋರು. ನಿಮ್ಮ ತಾತ ಅವರನ್ನ ಕರೆಸಿ ಇಲ್ಲೇ ಹದಿನೈದು ದಿನ ಇಟ್ಕೊಂಡಿದ್ರು."

ಅಜ್ಜಿಯ ತವರು ಕುಣಿಗಲ್ ಕಡೆ. ಕುಣಿಗಲ್ ಅಂದ್ರೆ ಕುದುರೆ. ಹೈದರ್, ಟಿಪ್ಪು ಕಾಲದಿಂದ ಕುದುರೆ ಸಾಕಿದ ನೆಲ, ಅಲ್ಲಿನ ಸ್ಟಡ್ ಫಾರ್ಮ್ ದೇಶಕ್ಕೇ ಗೊತ್ತು. ಕುದುರೆ ಇದ್ದ ಕಡೆ ಗಾಡಿ ಕಟ್ಟೋರೂ ಇರ್ತಾರೆ.

ತೊಟ್ಟಿಯ ಕೆಳಗೆ ಬಗ್ಗಿ ಮೊಬೈಲ್ ಟಾರ್ಚ್ ಹಾಕಿ ನೋಡಿದ್ವಿ. ಒಂದು ಮರದ ತುದಿಯನ್ನ ಇನ್ನೊಂದರ ತೂತಿನೊಳಗೆ ಕೂರಿಸಿ, ಮರದ್ದೇ ಬೆಣೆ ಹೊಡೆದಿದ್ರು. ಮೂಲೆಗಳಲ್ಲಿ ಒಂದು ಮೊಳೆ ಇಲ್ಲ. ಅಲ್ಲಿಂದಲೇ ಕುಣಿಗಲ್‌ನ ಆ ಮನೆಗೆ ವಿಡಿಯೊ ಕಾಲ್ ಮಾಡಿದ್ವಿ. ಆಚಾರ್ರು ತೀರಿಕೊಂಡು ಬಹಳ ಕಾಲ ಆಗಿದೆ. ಮೊಮ್ಮಗ ಈಗ ಬಾಗಿಲು, ಕಿಟಕಿ ಮಾಡ್ತಾರೆ. ಸ್ಕ್ರೀನಲ್ಲಿ ಆ ಮೂಲೆ ನೋಡಿ, "ಸ್ವಲ್ಪ ಹತ್ರ ಹಿಡೀರಿ" ಅಂದ್ರು. ಆಮೇಲೆ, "ಹೂಂ, ಇದು ನಮ್ಮ ಮನೆ ಕೆಲಸವೇ. ಜಟಕಾ ಅಡಿಗಟ್ಟಿಗೆ ತಾತ ಹಿಂಗೇ ಕೂಡಿಸ್ತಿದ್ದದ್ದು. ನಮ್ಮ ಹತ್ರ ಈಗ ಒಂದೂ ಉಳಿದಿಲ್ಲ" ಅಂದ್ರು.

ಶುರುವಲ್ಲಿ ನೆನಪಿಟ್ಕೊಳ್ಳಿ ಅಂದಿದ್ನಲ್ಲ, ಅದು ಇದೇ. ಬಾರ್ಕರ್ ಲಂಡನ್ನಿನಲ್ಲಿ ಮಾಡಿದ್ದನ್ನ ಕುಣಿಗಲ್‌ನ ಆಚಾರ್ರು ಗುಬ್ಬಿಯ ತೋಟದಲ್ಲಿ ಮಾಡಿದ್ರು. ಕುದುರೆ ಗಾಡಿ ಕಟ್ಟಿದ ಕೈ, ಮೋಟಾರಿನ ಚಾಸಿ ಮೇಲೆ ಮಾಲೀಕ ಕೇಳಿದ ಹಾಗೆ ಕಟ್ಟಿದ ಬಾಡಿ. ಕೋಚ್‌ಬಿಲ್ಟ್ ಅನ್ನೋದಕ್ಕೆ ಬೇರೆ ಅರ್ಥ ಇಲ್ಲ. ಶೆಡ್ಡಿನವರು ಮೊದಲು ಕಿತ್ತು ಬಿಸಾಕಬೇಕು ಅಂದಿದ್ದು ಅದನ್ನೇ.

ನಿಮ್ಮನೇಲೂ ಇದ್ರೆ

ಹಳೇ ಕಾರೋ, ಸ್ಕೂಟರೋ ಮನೇಲಿದ್ರೆ ಇಷ್ಟು ಮಾಡಿ. ತೊಳೆಯೋ ಮುಂಚೆ ಎಲ್ಲಾ ಕಡೆಯಿಂದ ಫೋಟೊ ತೆಗೀರಿ. ಚಾಸಿ ನಂಬರ್, ಎಂಜಿನ್ ನಂಬರ್ ಬರ್ಕೊಳ್ಳಿ, ಆರ್‌ಸಿ ಜೊತೆ ಹೋಲಿಸಿ. ಬಿಚ್ಚಿದ ಒಂದು ಬೋಲ್ಟನ್ನೂ ಎಸೀಬೇಡಿ, ಡಬ್ಬಿಗೆ ಹಾಕಿ ಚೀಟಿ ಅಂಟಿಸಿ. ಹಳೇ ಬಣ್ಣ ಕೆರೆಯೋಕೆ ಅವಸರ ಬೇಡ. ಮನೆಯ ಹಿರಿಯರನ್ನ ಕೂರಿಸಿ ಮಾತು ರೆಕಾರ್ಡ್ ಮಾಡ್ಕೊಳ್ಳಿ, ಅದಕ್ಕೆ ಮಾತ್ರ ಸ್ಪೇರ್ ಪಾರ್ಟ್ ಸಿಗಲ್ಲ. ಚೆನ್ನಾಗಿ ಕಾಪಾಡಿದ ಕಾರು ಹೇಗಿರುತ್ತೆ ನೋಡಬೇಕಂದ್ರೆ ಧರ್ಮಸ್ಥಳದ ಕಾರು ಮ್ಯೂಸಿಯಂ, ಶ್ರೀರಂಗಪಟ್ಟಣದ ಹತ್ರದ 'ಪಯಣ' ಎರಡೂ ಇವೆ.

ಸೋಮವಾರ ಬೆಳಿಗ್ಗೆ ಗುಜರಿಯವರು ಬಂದ್ರಂತೆ. ಸುಟ್ಟುಹೋದ ಪಂಪ್‌ಸೆಟ್ ಮೋಟಾರು, ಹಳೇ ಕಬ್ಬಿಣದ ಪೈಪು ತೂಕಕ್ಕೆ ಹಾಕಿಸ್ಕೊಂಡು ಹೋದ್ರು. ಆ ದುಡ್ಡಲ್ಲಿ ಶೆಡ್ಡಿಗೆ ಎರಡು ಶೀಟು ಬಂತು. ಕಾರಿಗೆ ದೊಡ್ಡಪ್ಪ ಆರು ತಿಂಗಳು ಟೈಮ್ ಕೊಟ್ಟಿದ್ದಾರೆ. ಅಷ್ಟರಲ್ಲಿ ಹೆಸರು ಬದಲಾವಣೆ ಆಗಬೇಕು, ಕುಣಿಗಲ್‌ನಿಂದ ಮೊಮ್ಮಗ ಬಂದು ತೊಟ್ಟಿ ನೋಡಬೇಕು. ಆಗುತ್ತೋ ಇಲ್ವೋ, ಆರು ತಿಂಗಳಾದ ಮೇಲೆ ಇಲ್ಲೇ ಹೇಳ್ತೀನಿ.